ಅಂಬವ್ವ ಹಿಡಿದ ಮೌನ

ಹೈದರಾಬಾದಿನ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಂಬವ್ವನ ಬಾಯಿ ಎಂದರೆ ಎಲ್ಲರಿಗೂ ಗೊತ್ತು. ತಳ್ಳುಗಾಡಿಯ ತರಕಾರಿಯವನು ಗೇಟು ದಾಟುವ ಮೊದಲೇ ಅವನ ಬದನೆಕಾಯಿಯ ಕುಲಗೋತ್ರ ವಿಚಾರಿಸುವವಳು ಅವಳು. ಗಂಡ ತೀರಿದ ಮೇಲೆ ಭಾಲ್ಕಿಯಿಂದ ಮಗ ವೈಜನಾಥನ ಮನೆಗೆ ಬಂದವಳು ತೆಲುಗಿನ ಗೊಡವೆಗೇ ಹೋಗಲಿಲ್ಲ. ಮನೆಯೊಳಗೆ ಕನ್ನಡ, ಹೊರಗೆ ಜಗಳಕ್ಕೆ ಬೇಕಾದಷ್ಟು ದಖನಿ ಹಿಂದಿ, ಇಷ್ಟರಲ್ಲೇ ಸಂಸಾರ ಸಾಗಿಸಿದಳು. ಇಂಥ ಅಂಬವ್ವ ಒಂದು ದಿನ ಬಾಯಿ ಮುಚ್ಚಿದಳೆಂದರೆ ಸುಮ್ಮನೆ ಮುಚ್ಚಲಿಲ್ಲ. ಮೊಮ್ಮಗಳಿಗಾಗಿ ಮುಚ್ಚಿದಳು.

ಮೊಮ್ಮಗಳು ಮಧುರಾ ಆರನೇ ಕ್ಲಾಸು. ಹುಡುಗಿಗೆ ಓದು ಹತ್ತುತ್ತಿರಲಿಲ್ಲ. ಪುಸ್ತಕ ತೆರೆದರೆ ಅಕ್ಷರ ಒಂದು ಕಡೆ ನಿಲ್ಲುವುದಿಲ್ಲ ಎನ್ನುತ್ತಿದ್ದಳು, ಒಂದು ಸಾಲು ಮುಗಿಸುವಷ್ಟರಲ್ಲಿ ಬೆವತುಹೋಗುತ್ತಿದ್ದಳು. ಆದರೆ ಕಿವಿಗೆ ಬಿದ್ದದ್ದು ಮಾತ್ರ ಅಲ್ಲೇ ಉಳಿಯುತ್ತಿತ್ತು. ಟೀಚರು ಹೇಳಿದ್ದನ್ನೆಲ್ಲ ಸಂಜೆ ಬಂದು, ಮೆಂತ್ಯದ ಸೊಪ್ಪು ಸೋಸುತ್ತ ಕೂತ, ತಾನು ಆಯಿ ಎಂದು ಕರೆಯುವ ಅಜ್ಜಿಯ ಎದುರು ಕೂತು, ಪಕ್ಕಾ ಭಾಲ್ಕಿ ಮಾತಿನಲ್ಲಿ ಒಪ್ಪಿಸುತ್ತಿದ್ದಳು.

“ಆಯಿ, ನೀ ತಿಂದ ರೊಟ್ಟಿ ಎಲ್ಲಿ ಹೋಗತೈತಿ ಗೊತ್ತೈತೇನು?”

“ಎಲ್ಲಿ ಹೋಗತೈತಿ, ನಿಮ್ಮಪ್ಪನ ಆಫೀಸಿಗೇನು?”

“ಚ್ಯಾಷ್ಟಿ ಮಾಡಬ್ಯಾಡ, ಕೇಳು. ಮೊದಲ ಬಾಯಾಗ ಉಗುಳಿನ ಜೋಡಿ ಬೆರೀತೈತಿ. ಆಮ್ಯಾಲ ಗಂಟಲದಾಗ ಒಂದು ಕೊಳವಿ ಐತಿ…”

ಅಂಬವ್ವ ಬೇಕಂತಲೇ ಅಡ್ಡ ಪ್ರಶ್ನೆ ಹಾಕುವಳು. ಹುಡುಗಿ ಸಿಟ್ಟಿಗೆದ್ದು ಮತ್ತೆ ಮೊದಲಿನಿಂದ ಶುರು ಮಾಡುವಳು. ಸೊಪ್ಪು ಮುಗಿಯುವಷ್ಟರಲ್ಲಿ ಪಾಠವೂ ಮುಗಿದಿರುತ್ತಿತ್ತು. ಇದೇ ಅವಳ ಓದು ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಂಬವ್ವನಿಗೂ ಹೊಳೆಯಲಿಲ್ಲ, ಅದೇ ಕರ್ಮ.

ಅದು ಸಾಫ್ಟ್‌ವೇರಿನ ಗಾಳಿ ಬೀಸಿ ಹೈದರಾಬಾದಿನ ಗಲ್ಲಿಗಲ್ಲಿಯ ಶಾಲೆಗಳೂ ಹೆಸರಿನ ಜೊತೆ ಟೆಕ್ನೋ ಎಂದು ಅಂಟಿಸಿಕೊಳ್ಳುತ್ತಿದ್ದ ಕಾಲ. ಮಧುರಾಳ ಶಾಲೆಯೂ ಅಂಟಿಸಿಕೊಂಡಿತು. ಬೋರ್ಡು ಬದಲಾದ ಮೇಲೆ ಮಕ್ಕಳೂ ಬದಲಾಗಬೇಡವೆ? ವರ್ಷದ ಕೊನೆಗೆ ಇಂಗ್ಲಿಷಿನ ಒಂದು ಪುಟವನ್ನು ಕೊಟ್ಟ ಹೊತ್ತಿನೊಳಗೆ ತಡವರಿಸದೆ ಓದಿದವರು ಮುಂದಿನ ಕ್ಲಾಸಿಗೆ, ಓದಲಾರದವರ ಕೈಗೆ ಟೀಸಿ ಕೊಟ್ಟು ಹೊರಗೆ ಎಂದು ನಿಯಮ ಮಾಡಿದರು. ಕುಂಟುವವರನ್ನೂ ಓಡುವವರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಅದಕ್ಕೆ ಸ್ಟ್ಯಾಂಡರ್ಡು ಎಂದು ಹೆಸರಿಟ್ಟರು.

ಪ್ರಿನ್ಸಿಪಾಲರು ವೈಜನಾಥನನ್ನೂ ಅವನ ಹೆಂಡತಿ ಚಿತ್ರಾಳನ್ನೂ ಕರೆಸಿ ರೋಗವನ್ನು ಕೂತಲ್ಲೇ ಕಂಡುಹಿಡಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಮಗು ಗೊಂದಲಕ್ಕೆ ಬಿದ್ದಿದೆ. ಇನ್ನು ಮುಂದೆ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದು. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಎರಡು ಮಾತು ಕೇಳುವ ತೊಂದರೆಯನ್ನು ಅವರು ತೆಗೆದುಕೊಳ್ಳಲಿಲ್ಲ.

ಚಿತ್ರಾ ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಅಮೆರಿಕದವರ ಫೋನು ಎತ್ತುವ ಕೆಲಸದಲ್ಲಿದ್ದಳು. ಇಂಗ್ಲಿಷು ತೊದಲುತ್ತಿದ್ದ ದಿನಗಳಲ್ಲಿ ಎಷ್ಟು ಕಡೆ ತಲೆ ತಗ್ಗಿಸಿ ಎದ್ದುಬಂದಿದ್ದಳೋ ಅವಳಿಗೇ ಗೊತ್ತು. ಮಗಳಿಗೆ ಆ ಗತಿ ಬರಬಾರದು ಎಂಬುದೊಂದೇ ಅವಳ ಹಟ. ಅವಳನ್ನು ಬೈದು ಪ್ರಯೋಜನವಿಲ್ಲ.

“ಅತ್ತಿ, ತಪ್ಪು ತಿಳೀಬ್ಯಾಡ್ರಿ,” ಎಂದಳು. “ಆಕಿ ಮುಂದ ಕನ್ನಡ ಆಡಬ್ಯಾಡ್ರಿ. ಈ ಮಾತು ಹೇಳಾಕ ನನಗೇನು ಛಲೋ ಅನಸತೈತೇನ್ರಿ?”

“ಮತ್ತ ನಾ ಯಾವುದು ಆಡಲೆವ್ವಾ? ಕೂಸಿನ ಜೋಡಿ ಆಡಾಕ ನನಗಿರೂದು ಅದೊಂದ.”

ಚಿತ್ರಾ ಚೀಲ ಹೆಗಲಿಗೇರಿಸಿದಳು. ಕೆಳಗೆ ಕಂಪನಿಯ ಕ್ಯಾಬು ಹಾರನ್ನು ಹೊಡೆಯುತ್ತಿತ್ತು.

ಅಂಬವ್ವ ಒಂದು ದಿನವೆಲ್ಲ ಕೂತು ಯೋಚಿಸಿದಳು. ಸೊಸೆಯ ಮೇಲೆ ಸಿಟ್ಟು ಬಂತು, ಮಗನ ಮೇಲೆ ಬಂತು, ಕೊನೆಗೆ ತನ್ನ ನಾಲಿಗೆಯ ಮೇಲೇ ಬಂತು. ನನ್ನ ಮಾತೇ ಕೂಸಿನ ಓದಿಗೆ ಅಡ್ಡ ಬಂದಿದ್ದರೆ ಆ ಮಾತಿಗೆ ಬೆಂಕಿ ಬೀಳಲಿ ಎಂದುಕೊಂಡಳು. ಅವರ ಕಡೆ ಹೆಂಗಸರು ಹರಕೆ ಹೊತ್ತರೆ ಸಿಹಿ ಬಿಡುತ್ತಾರೆ, ಅನ್ನ ಬಿಡುತ್ತಾರೆ, ಕಾಲಿನ ಚಪ್ಪಲಿ ಬಿಡುತ್ತಾರೆ. ಬಿಡಲು ಯಾವುದು ಎಲ್ಲಕ್ಕಿಂತ ಕಷ್ಟವೋ ಅದನ್ನು ಬಿಟ್ಟರೇ ದೇವರಿಗೆ ಮುಟ್ಟುವುದು. ಮರುದಿನ ತಲೆಗೆ ನೀರು ಹಾಕಿಕೊಂಡು, ಮನೆದೇವರಾದ ಮೈಲಾರ ಮಲ್ಲಣ್ಣನ ಪಟಕ್ಕೆ ಭಂಡಾರದ ಅರಿಸಿನ ಹಚ್ಚಿ, ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು.

“ಮಲ್ಲಣ್ಣಾ, ಈ ಕೂಸಿಗೆ ಓದು ಬರೂತನಕ ನಾ ಮಾತು ಬಿಟ್ಟೆ. ನಡುವ ಬಾಯಿ ತೆರೆದರ ಹರಕಿ ಮುರೀತು, ನೀ ಏನೂ ಕೊಡಬ್ಯಾಡ.”

ಮಧುರಾ ಕಣ್ಣರಳಿಸಿ ನೋಡಿದಳು. “ನನ್ನ ಜೋಡೀನೂ ಮಾತಾಡಂಗಿಲ್ಲೇನ ಆಯಿ?”

ಅಂಬವ್ವ ಅವಳ ಹಣೆಗೂ ಭಂಡಾರ ಹಚ್ಚಿದಳು.

ತರಕಾರಿಯವನು ಗಾಬರಿಯಾದ. ಪಕ್ಕದ ಮನೆಯವರು ಅಜ್ಜಿಗೆ ಪಾರ್ಶ್ವವಾಯು ಬಡಿಯಿತೇ ಎಂದು ವಿಚಾರಿಸಿ ಹೋದರು. ಮೊದಮೊದಲು ಹುಡುಗಿ ಸಂಜೆ ಬಂದು ಎದುರಿಗೆ ಕೂರುತ್ತಿದ್ದಳು. ಪಾಠ ಹೇಳಲು ಬಾಯಿ ತೆಗೆದರೆ ಒಳಗಿನಿಂದ ಚಿತ್ರಾ ಇಂಗ್ಲಿಷಿನಲ್ಲಿ ಹೇಳು ಎನ್ನುವಳು. ಇಂಗ್ಲಿಷಿನಲ್ಲಿ ಎರಡು ಶಬ್ದ ಬರುತ್ತಿದ್ದವು, ಮೂರನೆಯದು ಬರುತ್ತಿರಲಿಲ್ಲ. ಅಡ್ಡ ಪ್ರಶ್ನೆ ಹಾಕುವವರೂ ಇಲ್ಲ. ಸ್ವಲ್ಪ ಹೊತ್ತು ಸೊಪ್ಪಿನ ಕಡ್ಡಿ ಮುರಿದು ಎದ್ದುಹೋಗುವಳು. ಬರಬರುತ್ತ ಕೂರುವುದನ್ನೂ ಬಿಟ್ಟಳು. ಗೆಳತಿಯರ ಜೊತೆ ತೆಲುಗೂ ನಿಂತಿತು, ಕೇಳಿದ್ದಕ್ಕೆಲ್ಲ ತಲೆಯಾಡಿಸುವುದೊಂದೇ ಉಳಿಯಿತು. ಆಯಿ ಕೆಮ್ಮಿದರೂ ಸಾಕು, ಎಲ್ಲಿ ಮಾತು ಹೊರಬೀಳುತ್ತದೋ ಎಂದು ಓಡಿಬಂದು ಮುಖ ನೋಡುತ್ತಿದ್ದಳು.

“ಹುಡುಗಿ ಶಾಣ್ಯಾ ಆಗ್ಯಾಳ, ಗದ್ದಲ ಕಡಿಮಿ ಆಗೈತಿ,” ಎಂದು ವೈಜನಾಥ ಖುಷಿಪಟ್ಟ. ಹುಡುಗಿ ಕೂರುತ್ತಿದ್ದ ಜಾಗ ನೋಡುತ್ತ ಅಂಬವ್ವ ಒಬ್ಬಳೇ ಸೊಪ್ಪು ಸೋಸುತ್ತಿದ್ದಳು. ಆದರೆ ಈ ಸಂಕಟವೇ ಹರಕೆಯ ಬೆಲೆ, ದೇವರು ಪಡೆದುಕೊಳ್ಳುತ್ತಿದ್ದಾನೆ ಎಂದು ತಿಳಿದು ಹಲ್ಲು ಕಚ್ಚಿ ಸುಮ್ಮನಿದ್ದಳು. ಎಂಥ ಪ್ರೀತಿ, ಎಂಥ ದಡ್ಡತನ.

ಸಂಕ್ರಾಂತಿ ಕಳೆದ ಮೇಲೆ ಶಾಲೆಯಿಂದ ಕರೆ ಬಂತು. ಓದು ಅಲ್ಲೇ ಇದೆ, ವರ್ಷದ ಕೊನೆಗೆ ಟೀಸಿ ತೆಗೆದುಕೊಳ್ಳಿ ಎಂದರು ಪ್ರಿನ್ಸಿಪಾಲರು. ಹೊರಗೆ ಬಂದ ವೈಜನಾಥನನ್ನು ಸೌಂದರ್ಯಾ ಎಂಬ ಟೀಚರು ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದಳು. ಕಲಬುರಗಿ ಕಡೆಯ ಹುಡುಗಿ, ಆ ಶಾಲೆಯಲ್ಲಿ ಎದೆಯಿದ್ದವಳು ಅವಳೊಬ್ಬಳೇ.

“ಇದು ಡಿಸ್ಲೆಕ್ಸಿಯಾ ಇರಬೇಕ್ರಿ. ಬುದ್ಧಿ ಛಲೋನ ಇರತೈತಿ, ಅಕ್ಷರ ಅಷ್ಟ ಹಿಡಿಯಂಗಿಲ್ಲ. ಸರ್ಕಾರಿ ದವಾಖಾನಿಯಿಂದ ಸರ್ಟಿಫಿಕೇಟ್ ತರ್ರಿ. ಅದು ಇದ್ದರ ಪ್ರಶ್ನಾ ಓದಿ ಹೇಳಿ ಉತ್ತರ ಬಾಯಿಲೆ ಕೇಳಬೇಕು. ಆಗ ಟೀಸಿ ಕೊಡಾಕ ಬರಂಗಿಲ್ರಿ.”

ದವಾಖಾನೆಯ ಸರದಿ ಶಾಲೆಯ ಪರೀಕ್ಷೆಗೆ ತುಸು ಮೊದಲು ಸಿಕ್ಕಿತು. ಚಿತ್ರಾಳಿಗೆ ರಜೆ ಸಿಗಲಿಲ್ಲ. ಮಧುರಾ ಆಯಿಯ ಸೆರಗು ಬಿಡಲಿಲ್ಲವಾದ್ದರಿಂದ ವೈಜನಾಥನ ಜೊತೆ ಅಂಬವ್ವನೂ ಹೊರಟಳು.

ಡಾಕ್ಟರ್ ನಳಿನಿ ಮೆತ್ತಗಿನ ಮಾತಿನ ಹೆಂಗಸು. ಹೊರಗೆ ಬೆಂಚಿನ ತುಂಬ ಮಕ್ಕಳು ಕಾಯುತ್ತಿದ್ದರೂ ಗದರಲಿಲ್ಲ. ಓದು ಬರುವುದಿಲ್ಲ ಎಂಬುದು ಬೇಗ ಗೊತ್ತಾಯಿತು. ಬುದ್ಧಿ ಇದೆಯೇ ಎಂಬುದನ್ನು ನೋಡಬೇಕಿತ್ತು. ಬಣ್ಣದ ಕಟ್ಟಿಗೆ ತುಂಡುಗಳನ್ನು ಕೊಟ್ಟರು, ಹುಡುಗಿ ಸರಸರ ಜೋಡಿಸಿದಳು. ಇದರಷ್ಟೇ ಮಾತಿನ ಉತ್ತರಗಳೂ ಬೇಕು, ಎರಡೂ ಸೇರಿದರೇ ಸರ್ಟಿಫಿಕೇಟು ಎಂದು ಹಿಂದಿಯಲ್ಲಿ ತಿಳಿಸಿ ಡಾಕ್ಟರು ಪ್ರಶ್ನೆ ಶುರು ಮಾಡಿದರು. ಇಂಗ್ಲಿಷಿನಲ್ಲಿ ಕೇಳಿದರು, ಹಿಂದಿಯಲ್ಲಿ ಕೇಳಿದರು, ತೆಲುಗಿನಲ್ಲಿ ಕೇಳಿದರು. ಮಧುರಾ ತುಟಿ ಬಿಚ್ಚಲಿಲ್ಲ.

“ಮನೆಯಲ್ಲಿ ಯಾವ ಭಾಷೆ?” ಎಂದರು ಡಾಕ್ಟರು.

“ಇಂಗ್ಲಿಷ್,” ಎಂದ ವೈಜನಾಥ. ಆಮೇಲೆ ನಾಚಿಕೊಂಡು, “ಮೊದಲು ಕನ್ನಡ ಇತ್ತು,” ಎಂದ.

ನನಗೆ ಕನ್ನಡ ಬಾರದು, ನೀವೇ ಕೇಳಿ ಎಂದರು ಡಾಕ್ಟರು.

“ಮಧೂ, ಮಳಿ ಹ್ಯಾಂಗ ಬರತೈತಿ ಹೇಳವ್ವಾ,” ಎಂದ ಅಪ್ಪ. ಹುಡುಗಿ ಆಯಿಯ ಕಡೆ ನೋಡಿದಳು. ಅವನಿಗೆ ಅರ್ಥವಾಯಿತು. “ಅವ್ವಾ, ನೀ ಕೇಳು. ನೀ ಕೇಳಿದರ ಹೇಳತಾಳ.”

ಅಂಬವ್ವ ಬಾಯಿ ತೆರೆಯುವಷ್ಟರಲ್ಲಿ ಮಧುರಾಳ ಅಂಗೈ ಬಂದು ಆ ಬಾಯಿಯ ಮೇಲೆ ಕೂತಿತು. ಪುಟ್ಟ ಕೈ, ಎಷ್ಟು ಬಿಗಿ. ಒಂದು ಕಡೆ ಮಲ್ಲಣ್ಣ, ಒಂದು ಕಡೆ ಡಾಕ್ಟರ ಮೇಜು. ದೇವರಿಗೆ ಆಮೇಲೆ ತಪ್ಪುಕಾಣಿಕೆ ಇಟ್ಟರಾಯಿತು, ಈ ಹೊತ್ತು ತಪ್ಪಿದರೆ ಕೂಸು ಬೀದಿಗೆ ಬೀಳುತ್ತದೆ. ಅವಳು ಆ ಕೈಯನ್ನು ಬಿಡಿಸಿದಳು.

“ಹೇಳ ನನ್ನವ್ವಾ, ಮಳಿ ಹ್ಯಾಂಗ ಬರತೈತಿ?” ಎಷ್ಟೋ ತಿಂಗಳ ಮೇಲೆ ಹೊರಬಂದ ದನಿ ಗೊಗ್ಗರಾಗಿತ್ತು.

ಹುಡುಗಿ ಹಿಂದಕ್ಕೆ ಸರಿದಳು. “ಮಾತಾಡಿಬಿಟ್ಟೆಲ್ಲ ಆಯಿ,” ಎಂದಳು. “ಇನ್ನ ನನಗ ಓದು ಬರಂಗೇ ಇಲ್ಲ.”

ಅಷ್ಟೇ. ಆಮೇಲೆ ಎಷ್ಟು ರಮಿಸಿದರೂ ಮೇಜಿನ ಕಾಲು ನೋಡುತ್ತ ನಿಂತಳು.

“ಏನಂದಳು?” ಎಂದು ಕೇಳಿದರು ಡಾಕ್ಟರು.

ವೈಜನಾಥ ತಲೆ ತಗ್ಗಿಸಿ ಹಿಂದಿಯಲ್ಲಿ ಹೇಳಿದ. “ಅಜ್ಜಿ ಮಾತಾಡಿದಳು, ಅದಕ್ಕೇ ನನಗೆ ಓದು ಬರುವುದಿಲ್ಲ, ಅಂತಾಳೆ.” ಹರಕೆಯ ಸುದ್ದಿಯನ್ನು ಆ ಓದಿದ ಹೆಂಗಸಿನ ಮುಂದೆ ಎತ್ತಲು ಅವನಿಗೆ ನಾಚಿಕೆಯಾಯಿತು.

ಅಂಬವ್ವ ತಡೆಯಲಾರದೆ ತನ್ನ ಹರಕು ದಖನಿಯಲ್ಲಿ ಎಲ್ಲವನ್ನೂ ಒಮ್ಮೆಗೇ ಹೇಳತೊಡಗಿದಳು. ಕೂಸಿಗೆ ಎಲ್ಲ ತಿಳಿಯುತ್ತದೆ, ಇಡೀ ಪುಸ್ತಕ ಬಾಯಲ್ಲಿ ಹೇಳುತ್ತಿದ್ದಳು, ತಪ್ಪು ನನ್ನದು, ನಾನೇ ಬಾಯಿ ಹೊಲಿದುಕೊಂಡೆ. ಆಯಾ ಬಾಗಿಲು ತೆರೆದು ಮುಂದಿನ ಮಗುವಿನ ಹೆಸರು ಕೂಗಿದಳು.

“ಅಮ್ಮಾ, ನೀವು ಹೇಳಿದ್ದನ್ನು ನಾನು ಬರೆಯುವ ಹಾಗಿಲ್ಲ,” ಎಂದರು ಡಾಕ್ಟರು, ಮೆತ್ತಗೆ. “ಅವಳು ಹೇಳಿದ್ದನ್ನು ಮಾತ್ರ ಬರೆಯಬೇಕು.”

ಮತ್ತೆ ಮಧುರಾಳ ಕಡೆ ನೋಡಿದರು. ಆಮೇಲೆ ಅವಳ ಆ ಒಂದು ಮಾತನ್ನು ಬರೆದುಕೊಂಡು, ಅದರ ಕೆಳಗೆ, ವಯಸ್ಸಿಗೆ ತಕ್ಕ ತಿಳಿವಳಿಕೆ ಇಲ್ಲ, ಸರ್ಟಿಫಿಕೇಟು ಕೊಡಲು ಬರುವುದಿಲ್ಲ, ಎಂದು ಬರೆದು ಸಹಿ ಮಾಡಿದರು.