ಹದಿನಾಲ್ಕನೆಯ ಪಕ್ಕೆಲುಬು

ಮಾಂಸದಂಗಡಿಯ ಸರದಿಯಲ್ಲಿ ಮುಂದೆ ನಿಂತಿದ್ದ ಟೈಲರ್ ಹೆಂಗಸು ತಟ್ಟೆಯತ್ತ ಬೆರಳು ತೋರಿಸಿ ಕೇಳಿದಳು, "ಮಾಮ, ಇದು ತಾಯಿ ಹೆತ್ತಿದ್ದೋ, ಮಿಷನ್ ಹೆತ್ತಿದ್ದೋ?"

"ಹೆರೋವಾಗ ನಾನು ಪಕ್ಕದಲ್ಲಿರ್ಲಿಲ್ಲ ತಾಯಿ," ಎಂದ ಮಾಂಸ ಕತ್ತರಿಸುತ್ತಿದ್ದ ಕತ್ತಿಮಾಮ. ಎಲ್ಲರೂ ನಕ್ಕರು. ನಕ್ಕವರಲ್ಲೇ ಇಬ್ಬರು ಖಾಲಿ ಚೀಲ ಮಡಚಿಕೊಂಡು ಎದುರಿನ ತರಕಾರಿ ಅಂಗಡಿಯ ಕಡೆ ನಡೆದುಬಿಟ್ಟರು.

ಕ್ಲೋನ್ ಮಾಡಿದ ಕುರಿಗಳ ಮಾಂಸ ಮಾರುಕಟ್ಟೆಗೆ ಬಂದಿದೆಯಂತೆ, ಯಾವುದು ಎಂಥದ್ದೆಂದು ಚೀಟಿ ಅಂಟಿಸುವವರೇ ಇಲ್ಲವಂತೆ ಎಂಬ ಸುದ್ದಿ ಊರ ತುಂಬ ಹಬ್ಬಿತ್ತು. ಟಿವಿಯಲ್ಲಿ ಒಬ್ಬರು ತಿಂದರೆ ಏನೂ ಆಗುವುದಿಲ್ಲ ಎಂದರು. ಇನ್ನೊಬ್ಬರು, ಏನಾಗುತ್ತದೆಂದು ಸಾಕಷ್ಟು ಕಾಲ ಕಾದು ನೋಡಿದವರಾದರೂ ಯಾರಿದ್ದಾರೆ ಎಂದರು. ಕತ್ತಿಮಾಮನಿಗೆ ಇಬ್ಬರ ಮಾತೂ ನಿಜವೆನಿಸಿ ತಲೆ ಕೆಟ್ಟುಹೋಗಿತ್ತು. ಮನೆಯಲ್ಲಿ ಮಗಳು ತುಂಬು ಬಸುರಿ. ಹಿಂದೊಮ್ಮೆ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ರಕ್ತ ಕಡಿಮೆಯಿದೆ, ಮಾಂಸ ತಿನ್ನಿಸಿ ಎಂದಿದ್ದರು ಡಾಕ್ಟರಮ್ಮ. ಕತ್ತರಿಸಿದವನಿಗೆ ಕತ್ತಿನ ತುಂಡು ಎಂಬುದು ಆ ಅಂಗಡಿಯ ಹಳೆಯ ಪದ್ಧತಿ. ಆ ತುಂಡನ್ನು ಅವನು ದಿನವೂ ಮನೆಗೆ ಒಯ್ದು ತಾನೇ ಬೇಯಿಸಿ ಮಗಳಿಗೆ ಕೊಡುತ್ತಿದ್ದ.

ಸರದಿ ಕರಗಿದ ಮೇಲೆ ಕೋಲ್ಡ್ ರೂಮಿಗೆ ಹೋಗಿ ಕುರಿಯೊಂದನ್ನು ಕೊಕ್ಕೆಯಿಂದ ಇಳಿಸಿದ. ಚಾಪ್ಸ್ ಕತ್ತರಿಸುವಾಗ ಹೆಬ್ಬೆರಳಿನಿಂದ ಎಲುಬು ಎಣಿಸುವುದು ಅವನ ಕೈಗೆ ಅಂಟಿದ ಅಭ್ಯಾಸ. ಬಾಯಿ ಬೇರೆಯವರ ಜೊತೆ ಹರಟುತ್ತಿದ್ದರೂ ಕೈ ಲೆಕ್ಕ ತಪ್ಪುತ್ತಿರಲಿಲ್ಲ. ಎಡಗಡೆ ಹದಿಮೂರು. ಬಲಗಡೆ ಹದಿಮೂರರ ಕೆಳಗೆ, ಮಗುವಿನ ಕಿರುಬೆರಳಿನಂಥ ಇನ್ನೊಂದು. ಹೀಗೆ ಒಂದು ಎಲುಬು ಹೆಚ್ಚಿರುವುದನ್ನು ಅವನು ಮೊದಲೂ ಕಂಡಿದ್ದ, ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೆಯ ಕುರಿ ಇಳಿಸಿದ. ಬಲಗಡೆ ಮತ್ತೆ ಅದೇ ಕಿರುಬೆರಳು. ಮೂರನೆಯದನ್ನು ಇಳಿಸದೆ, ನೇತಾಡುತ್ತಿದ್ದಂತೆಯೇ ಒಳಗೆ ಕೈ ಹಾಕಿ ಸವರಿದ. ಇತ್ತು. ಆಮೇಲೆ ಸಾಲಿನಲ್ಲಿದ್ದ ಎಲ್ಲವನ್ನೂ ಸವರುತ್ತಾ ಹೋದ. ಎಲ್ಲದರಲ್ಲೂ ಬಲಗಡೆಯೇ, ತುದಿ ಒಳಕ್ಕೆ ಬಾಗಿದ್ದೂ ಒಂದೇ ಥರ.

ಅಂಗಡಿಯ ಯಜಮಾನ ಬಂದು ತಾನೂ ಬೆರಳಾಡಿಸಿ ನೋಡಿದ. "ಒಂದೇ ಟಗರಿನ ಮಕ್ಕಳಿರ್ಬೇಕು ಕಣೋ. ನಿಂದೂ ನಿಮ್ಮಣ್ಣಂದೂ ಮೂಗು ಒಂದೇ ಥರ ಇಲ್ವಾ?"

"ನಮ್ಮಣ್ಣನ ಮೂಗು ಸೊಟ್ಟಗಿದೆ ಯಜಮಾನ್ರೇ. ಇವು ನೋಡಿ, ಅಚ್ಚು ಹಾಕ್ದಂಗಿವೆ."

"ಇದು ನಿನ್ನ ಬಾಯಿಂದಾಚೆ ಬಂತೋ, ನಾಳೆಯಿಂದ ಇಬ್ರೂ ಕೂತ್ಕೊಂಡು ನೊಣ ಹೊಡೀಬೇಕು. ಕಳಿಸಿದವ್ರಿಗೆ ಫೋನ್ ಮಾಡಿ ಕೇಳ್ತೀನಿ, ಸುಮ್ನಿರು."

ಫೋನು ಮಾಡಿದ್ದಾಯಿತು. ಅವರು ನಕ್ಕರಂತೆ. ನಕ್ಕಿದ್ದು ಹೌದೆಂದೋ ಅಲ್ಲವೆಂದೋ ಯಜಮಾನನಿಗೂ ತಿಳಿಯಲಿಲ್ಲ.

ಅಂದು ಕತ್ತಿಮಾಮ ಬರಿಗೈಯಲ್ಲಿ ಮನೆಗೆ ಹೋದ. ಒಲೆಯ ಮೇಲೆ ನೀರು ಕಾಯಲಿಟ್ಟು ಕೂತಿದ್ದ ಮಗಳು ಅವನ ಕೈ ನೋಡಿದಳು.

"ತುಂಡೆಲ್ಲಿ ಅಪ್ಪಾ?"

"ಖಾಲಿಯಾಯ್ತು. ಬೇಳೆ ಬೇಯಿಸ್ತೀನಿ."

"ಕತ್ತಿನ ತುಂಡು ಯಾವತ್ತಾದ್ರೂ ಖಾಲಿಯಾಗಿದ್ದುಂಟಾ? ನಿಂಗೆ ಸುಳ್ಳು ಹೇಳೋಕೆ ಬರಲ್ಲ, ಸುಮ್ನೆ ಹೇಳು."

ಹೇಳಿದ. ತಾನು ತಪ್ಪು ತಿಳಿದಿರಬಹುದು, ಯಜಮಾನ ಹೇಳಿದಂತೆ ಅಣ್ಣತಮ್ಮಂದಿರೇ ಇರಬಹುದು ಎಂದು ನಡುನಡುವೆ ಸೇರಿಸಿದ. ಅವಳು ಒಲೆ ಆರಿಸಿದಳು.

"ನಂಗೂ ಭಯ ಇತ್ತಪ್ಪಾ. ಬೇಡ ಅಂದ್ರೆ ನೀನು ನೊಂದ್ಕೊಳ್ತೀಯ ಅಂತ ಕಣ್ಮುಚ್ಕೊಂಡು ತಿಂದೆ."

"ಅಯ್ಯೋ ಹುಚ್ಚಿ!"

"ಅಷ್ಟೇ ಅಲ್ಲ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. "ಆಸ್ಪತ್ರೆಲಿ ಬಸುರೀರೆಲ್ಲ ಕೇಳ್ತಿದ್ರು. ನಮ್ಮಪ್ಪನ ಅಂಗಡೀದು, ದಿನಾ ನಾನೇ ತಿಂತೀನಿ, ಧೈರ್ಯವಾಗಿ ತಗೊಳ್ಳಿ ಅಂದುಬಿಟ್ಟಿದ್ದೀನಿ. ನಿನ್ನ ಅಂಗಡಿಗೆ ಒಳ್ಳೇದಾಗ್ಲಿ ಅಂತ."

ಈವರೆಗೆ ಕತ್ತಿಮಾಮ ಹೆದರಿದ್ದು ಒಂದೇ ಹೊಟ್ಟೆಗಾಗಿ.

ಮರುದಿನ ಬೆಳಿಗ್ಗೆ ಸರದಿಯಲ್ಲಿ, ಸೊಂಟದ ಮೇಲೆ ಪುಟ್ಟ ಮಗುವನ್ನೆತ್ತಿಕೊಂಡ ಒಬ್ಬಳು ನಿಂತಿದ್ದಳು. ಅವಳ ಹೊಟ್ಟೆಯೂ ಮುಂದೆ ಬಂದಿತ್ತು.

"ಮಾಮ, ನಿಮ್ಮ ಮಗಳು ಹೇಳಿದ್ಮೇಲೇ ನಂಗೆ ಧೈರ್ಯ ಬಂದಿದ್ದು. ನಾನೂ ತಿಂತಿದ್ದೀನಿ, ಇವನಿಗೂ ಸೂಪ್ ಮಾಡಿ ಕೊಡ್ತಿದ್ದೀನಿ. ಅವಳು ಚೆನ್ನಾಗಿದ್ದಾಳಾ? ತಿಂತಿದ್ದಾಳೆ ತಾನೇ?"

ಗಲ್ಲಾದ ಹಿಂದಿನಿಂದ ಯಜಮಾನ ಜೋರಾಗಿ ಕೆಮ್ಮಿದ. ಹೌದು ಎಂಬ ಒಂದು ಮಾತು ಕತ್ತಿಮಾಮನ ನಾಲಿಗೆಯ ತುದಿಗೇ ಬಂದಿತ್ತು. ಮನೆಯಲ್ಲಿ ಒಬ್ಬಳು ತಿನ್ನದೆ ಕೂತಿರುವಾಗ ಅದನ್ನು ಇವಳಿಗೆ ಹೇಗೆ ಹೇಳುವುದು?

"ಇಲ್ಲಮ್ಮ," ಎಂದ. "ನಿನ್ನೆಯಿಂದ ನಾನೇ ಕೊಡ್ತಿಲ್ಲ."

"ಯಾಕೆ? ಏನಾಯ್ತು?"

"ಏನೂ ಆಗಿಲ್ಲ. ಎಂಥ ಕುರಿ ಅಂತ ನಂಗೆ ಗೊತ್ತಾಗ್ತಿಲ್ಲ, ಅಷ್ಟೇ."

ಅವಳು ಬೈಯುತ್ತಾಳೆಂದು ಅವನು ತಲೆ ತಗ್ಗಿಸಿ ಕಾದ. ಅವಳು ಬೈಯಲಿಲ್ಲ. ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿ, ಅದರ ಮುಖವನ್ನು ಈಗಷ್ಟೇ ಮೊದಲ ಸಲ ಕಾಣುತ್ತಿರುವವಳಂತೆ ನೋಡಿದಳು.

"ಹಾಗಾದ್ರೆ ಮಾಮ," ಎಂದಳು ಮೆಲ್ಲಗೆ, "ಇಷ್ಟು ದಿನ ತಿಂದಿದ್ದು?"