ವರ್ಷಕ್ಕೆ ನಾಲ್ಕೇ ಫಾಲ್ಟು

ಅಡಿಲೇಡಿನ ಉತ್ತರಕ್ಕಿರುವ ನಮ್ಮ ಪೊಲೀಸ್ ಠಾಣೆಯಲ್ಲಿ ನಲವತ್ತೆರಡು ವಾಕಿಟಾಕಿಗಳಿದ್ದವು. ಅವು ಠಾಣೆಗೆ ಬಂದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಈಗ ಮಗಳು ಅನನ್ಯಾ ಹೈಸ್ಕೂಲಿನಲ್ಲಿದ್ದಾಳೆ. ‘ನಮ್ಮ ಠಾಣೆ’ ಅಂದೆ, ಆದರೆ ನಾನು ಪೊಲೀಸಿನವನಲ್ಲ. ಆ ಸೆಟ್ಟುಗಳನ್ನು ನೋಡಿಕೊಳ್ಳುವ ಗುತ್ತಿಗೆ ನಮ್ಮ ಕಂಪನಿಯದು, ನೋಡಿಕೊಳ್ಳುವವನು ನಾನು, ಗಣಪತಿ. ಮೊದಲು ಬಕೆಟ್ಟು, ಪೊರಕೆ ಇಡುತ್ತಿದ್ದ ಕೋಣೆಯಲ್ಲಿ ನನ್ನ ಮೇಜು. ಕಾನ್‌ಸ್ಟೇಬಲ್‌ಗಳು ನನ್ನನ್ನು ‘ಗ್ಯಾಜ್’ ಅನ್ನುತ್ತಿದ್ದರು. ಮೂರಕ್ಷರದ ಮೇಲಿನ ಹೆಸರನ್ನು ಆ ಊರಿನಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ.

೨೦೧೪ರ ಮಾರ್ಚಿನಲ್ಲಿ ಬ್ರಿಸ್ಬೇನ್ ಆಫೀಸಿನಿಂದ ನಮ್ಮ ಮ್ಯಾನೇಜರ್ ರಾಜಗೋಪಾಲ ಫೋನ್ ಮಾಡಿದರು. ಬೆಂಗಳೂರಿನವರು, ನನಗಿಂತ ಒಂಬತ್ತು ವರ್ಷ ಚಿಕ್ಕವರು. ನಾನು ಅವರಿಗೆ ಸರ್ ಅನ್ನುತ್ತೇನೆ.

“ರೀ ಗಣಪತಿ, ಹಳೇ ಸೆಟ್ ಎಲ್ಲಾ ತೆಗೆದು ಹೊಸದು ಹಾಕೋ ಪ್ರಾಜೆಕ್ಟು. ನಮಗೇ ಬರುತ್ತೆ. ಒಂದೇ ಕಂಡೀಷನ್ನು, ಫಾಲ್ಟ್ ರಿಜಿಸ್ಟರ್‌ನಲ್ಲಿ ವರ್ಷಕ್ಕೆ ಮೂವತ್ತರ ಮೇಲೆ ಎಂಟ್ರಿ ಇರಬೇಕು. ನಿಮ್ಮಲ್ಲಿ ಎಷ್ಟಿದೆ?”

“ನಾಲ್ಕು ಸರ್.”

“ನಲವತ್ತಾ? ಸೂಪರ್!”

“ಅಲ್ಲ ಸರ್. ನಾಲ್ಕೇ.”

“ಏನ್ರೀ, ಹದಿನಾರು ವರ್ಷದ ಸೆಟ್ಟು! ಅದಕ್ಕೇನು ದಿನಾ ಹಾಲು ತುಪ್ಪ ಹಾಕಿ ಸಾಕ್ತಿದೀರಾ?”

ಒಂದು ರೀತಿಯಲ್ಲಿ ಹೌದು. ದಿನಕ್ಕೆ ಎರಡು ಮೂರು ಸೆಟ್ಟು ಕೈಗೆ ಬರುತ್ತಿದ್ದವು. ಒಂದರ ಗುಂಡಿ ಒಳಗೆ ಕೂತಿರುತ್ತಿತ್ತು, ಇನ್ನೊಂದರ ಬ್ಯಾಟರಿ ಅಲ್ಲಾಡುತ್ತಿತ್ತು. ಅವರು ಟೀ ಕುಡಿದು ಮುಗಿಸುವಷ್ಟರಲ್ಲಿ ಸರಿಮಾಡಿ ಕೊಡುತ್ತಿದ್ದೆ. ಪ್ರತಿ ರಿಪೇರಿಗೂ ಫಾರಂ ತುಂಬಬೇಕೆಂಬ ನಿಯಮವಿತ್ತು, ಆದರೆ ರಿಜಿಸ್ಟರಿಗೆ ಬರೆಯುತ್ತಿರಲಿಲ್ಲ. ಫಾರಂ ಮೂರು ಪುಟ, ಸಹಿ ಎರಡು. ಆದರೆ ಬರೆಯದೇ ಇದ್ದುದಕ್ಕೆ ಕಾರಣ ಅದಲ್ಲ. ಮೈಸೂರಿನಲ್ಲಿ ಹಗಲು ರೇಡಿಯೋ ಸರ್ವಿಸ್ ಸೆಂಟರಿನಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಓದಿದವನು ನಾನು. ಅಲ್ಲಿನ ಓನರ್ ಶ್ರೀಕಂಠಯ್ಯನವರು ತಿಂಗಳ ಕೊನೆಗೆ ಕಂಪ್ಲೇಂಟ್ ಬುಕ್ ತೆರೆದು, ಯಾರ ಹೆಸರಿನ ಮುಂದೆ ಬರಹ ಹೆಚ್ಚಿದೆಯೋ ಅವನನ್ನು ಎಲ್ಲರೆದುರು ನಿಲ್ಲಿಸುತ್ತಿದ್ದರು. ಪುಸ್ತಕ ಖಾಲಿಯಿದ್ದರೆ ಕೆಲಸ ಚೆನ್ನಾಗಿದೆ ಎಂದರ್ಥ. ಇಪ್ಪತ್ತು ವರ್ಷ ಕಳೆದರೂ ಆ ಪುಸ್ತಕ ಖಾಲಿ ಇಡುವುದೇ ನನ್ನ ಮರ್ಯಾದೆಯಾಗಿತ್ತು. ಆ ನಾಲ್ಕು ಎಂಟ್ರಿಗಳೂ ನಾನು ರಜೆಯಲ್ಲಿದ್ದಾಗ ಆದವು.

ಪ್ರಾಜೆಕ್ಟ್ ಬಂದರೆ ಇನ್ನೂ ಮೂರು ವರ್ಷ ಕೆಲಸ, ಇಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್‌ಗೆ ಕಂಪನಿಯ ಸ್ಪಾನ್ಸರ್. ಬಾರದಿದ್ದರೆ ಜೂನ್ ಮೂವತ್ತಕ್ಕೆ ಕಾಂಟ್ರಾಕ್ಟ್ ಮುಗಿಯುತ್ತದೆ. ಆಮೇಲೆ ವೀಸಾ ನಿಯಮದಂತೆ ತೊಂಬತ್ತು ದಿನದೊಳಗೆ ಬೇರೆ ಸ್ಪಾನ್ಸರ್ ಹುಡುಕಬೇಕು, ಸಿಗದಿದ್ದರೆ ದೇಶ ಬಿಡಬೇಕು.

“ಹಳೇದನ್ನೆಲ್ಲ ಈಗ ಬರೆದುಬಿಡಿ,” ಅಂದರು ರಾಜಗೋಪಾಲ.

“ತಾರೀಕು ನೆನಪಿಲ್ಲ ಸರ್. ಸುಳ್ಳಾಗುತ್ತೆ.”

“ಹಾಗಾದ್ರೆ ಇವತ್ತಿಂದ ರಿಪೇರಿ ನಿಲ್ಲಿಸಿ. ತಾನಾಗೇ ಫಾಲ್ಟ್ ಬೀಳುತ್ತೆ.”

ನಿಲ್ಲಿಸಿದೆ. ಕಾನ್‌ಸ್ಟೇಬಲ್ ಕೆಲ್ಲಿ ಮಾರನೆಯ ಬೆಳಿಗ್ಗೆ ಸತ್ತ ಸೆಟ್ಟು ತಂದಾಗ ಫಾರಂ ಕೊಟ್ಟೆ. ಅವಳು ಮೊದಲ ಪುಟ ನೋಡಿದಳು, ಮೂರನೆಯ ಪುಟ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

“ಗ್ಯಾಜ್, ನಾನೇನಾದರೂ ತಪ್ಪು ಮಾಡಿದೆನಾ?”

ಫಾರಂ ಅಲ್ಲೇ ಬಿಟ್ಟು ಹೋದಳು. ಉಳಿದವರೂ ಅಷ್ಟೇ. ವಾಕಿಟಾಕಿಯನ್ನು ಸೊಂಟದಲ್ಲಿ ಅಲಂಕಾರಕ್ಕೆ ಇಟ್ಟುಕೊಂಡು ಸ್ವಂತ ಮೊಬೈಲಿನಲ್ಲಿ ಮಾತಾಡತೊಡಗಿದರು. ಒಬ್ಬನಂತೂ ರಸ್ತೆಯ ಆಚೆ ಇದ್ದವನನ್ನು ಕೂಗಿ ಕರೆದ. ಮೂರು ವಾರದ ಮೇಲೆ ರಿಜಿಸ್ಟರ್ ತೆಗೆದು ನೋಡಿದರೆ ಅದೇ ನಾಲ್ಕು. ನನಗೆ ನಿದ್ದೆ ಬರದಂತಾಯಿತು. ಯಾರಿಗಾದರೂ ಏನಾದರೂ ಆದರೆ? ಮತ್ತೆ ರಿಪೇರಿ ಶುರುಮಾಡಿದೆ.

ಸೆಟ್ಟುಗಳನ್ನು ಬದಲಾಯಿಸಬೇಕೇ ಎಂದು ನೋಡಲು ಮೇ ತಿಂಗಳಲ್ಲಿ ಸಮಿತಿ ಬಂತು. ಇಲಾಖೆಯ ಇಬ್ಬರು, ಜೊತೆಗೆ ಪರ್ತ್‌ನಿಂದ ವಿಮಾನದಲ್ಲಿ ಬಂದ ಒಬ್ಬ ಸಲಹೆಗಾರ. ವಾಕಿಟಾಕಿಯ ವಿಷಯಕ್ಕೆ ಸಲಹೆ ಕೊಡಬಲ್ಲವರು ಅಡಿಲೇಡಿನಲ್ಲಿ ಇರಲಿಲ್ಲವಂತೆ. ಆತ ಸೆಟ್ಟುಗಳನ್ನು ಮುಟ್ಟಲಿಲ್ಲ. ಗೋಡೆಯ ಮೇಲೆ ಒಂದು ಗ್ರಾಫ್ ತೋರಿಸಿದ.

“ವರ್ಷಕ್ಕೆ ನಾಲ್ಕು. ಹೊಸ ಸೆಟ್ಟುಗಳೂ ಇಷ್ಟು ಚೆನ್ನಾಗಿ ನಡೆಯುವುದಿಲ್ಲ.”

ಸಾರ್ಜೆಂಟ್ ಕೋಲಿನ್ ಕುರ್ಚಿಯಿಂದ ಅರ್ಧ ಎದ್ದರು. “ಮೇಟ್, ಇವು ದಿನಾ ಬಿಚ್ಚಿ ಬೀಳ್ತವೆ!”

“ದಾಖಲೆ ಇದೆಯೇ?”

ಸಾರ್ಜೆಂಟ್ ನನ್ನ ಕಡೆ ನೋಡಿದರು. ಸುಮ್ಮನಿದ್ದರೆ ಪ್ರಾಜೆಕ್ಟ್ ಹೋಗುತ್ತದೆ. ಹೇಳಿದರೆ ನಿಯಮ ಮುರಿದವನಾಗುತ್ತೇನೆ. ಎದ್ದು ನಿಂತೆ.

“ದಿನಕ್ಕೆ ಎರಡು ಮೂರು ರಿಪೇರಿ ನಾನೇ ಮಾಡುತ್ತೇನೆ. ಬರೆದಿಲ್ಲ.”

“ಯಾಕೆ?”

ಶ್ರೀಕಂಠಯ್ಯನವರ ಪುಸ್ತಕದ ಕಥೆ ಹೇಳಿದೆ. ಹೆದರಿದಾಗ ನನ್ನ ಇಂಗ್ಲಿಷು ಮೈಸೂರಿಗೆ ಹೊರಟುಹೋಗುತ್ತದೆ. ಅವರಿಗೆಷ್ಟು ತಿಳಿಯಿತೋ ಗೊತ್ತಿಲ್ಲ. ಸಲಹೆಗಾರ ಮಾತ್ರ ಆ ದಿನ ಮೊದಲ ಸಲ ಪೆನ್ನು ತೆಗೆದ.

“ಅಂದರೆ ಈ ಠಾಣೆಯಲ್ಲಿ ದಾಖಲೆಯಿಲ್ಲದ ದುರಸ್ತಿ ನಡೆಯುತ್ತಿದೆ. ಸರಿ ತಾನೇ?”

ಎರಡು ವಾರದಲ್ಲಿ ವರದಿ ಬಂತು, ಮೂವತ್ತೆಂಟು ಪುಟ. ಸೆಟ್ಟುಗಳ ಸ್ಥಿತಿ ತೃಪ್ತಿಕರ, ಬದಲಾಯಿಸುವ ಅಗತ್ಯ ಇನ್ನೂ ಐದು ವರ್ಷ ಇಲ್ಲ. ಠಾಣೆಯಲ್ಲಿ ಕಂಡುಬಂದ ಅಪಾಯ ಒಂದೇ, ಅದನ್ನು ಕೆಂಪು ಬಣ್ಣದಲ್ಲಿ ಹಾಕಿದ್ದರು: ಒಬ್ಬ ತಂತ್ರಜ್ಞ. ಆತನನ್ನು ತೆಗೆಯತಕ್ಕದ್ದು.

ಬ್ಲೇರ್ ಅಥಾಲ್ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಹೆಂಡತಿ ಇಂದುಮತಿ ಆ ಪುಟವನ್ನು ಎರಡು ಸಲ ಓದಿದಳು.

“ರೀ, ಅಷ್ಟೂ ಜನದ ಮುಂದೆ ಎದ್ದು ನಿಂತು ಹೇಳೋಕೆ ನಿಮಗೆ ಅವತ್ತೇ ಧೈರ್ಯ ಬರಬೇಕಿತ್ತಾ? ಮನೆ ಓನರ್ ಹತ್ರ ಹೀಟರ್ ಸರಿಮಾಡಿಸಿ ಅಂತ ಕೇಳೋಕೆ ಎರಡು ವರ್ಷದಿಂದ ಬರ್ಲಿಲ್ಲ.”

“ನಿಜ ತಾನೇ ಹೇಳಿದ್ದು?”

“ನಿಜಾನೇ. ಅದನ್ನೇ ಇಟ್ಕೊಂಡು ಮೈಸೂರಿಗೆ ಹೋಗೋಣ ಬಿಡಿ,” ಅಂದಳು. ಆಮೇಲೆ ಅವಳೇ ಕೂತು ನನ್ನ ಬಯೋಡೇಟಾ ಟೈಪ್ ಮಾಡಿದಳು.

ಹನ್ನೊಂದು ಕಂಪನಿಗಳಿಗೆ ಕಳಿಸಿದೆವು. ಜೂನ್ ಮೂವತ್ತಕ್ಕೆ ನನ್ನ ಕೆಲಸ ಹೋಯಿತು. ಜುಲೈ ಮುಗಿಯಿತು, ಆಗಸ್ಟ್ ಬಂತು. ತೊಂಬತ್ತರಲ್ಲಿ ಐವತ್ತೊಂದು ದಿನ ಉಳಿದಿದ್ದಾಗ ರಾಜಗೋಪಾಲ ಫೋನ್ ಮಾಡಿದರು.

“ರೀ ಗಣಪತಿ, ಕಂಗ್ರಾಟ್ಸ್! ನೀವು ಹೋಗಿದ್ದೇ ಒಳ್ಳೇದಾಯ್ತು ನೋಡಿ!”

ನಾನು ಹೋದಮೇಲೆ ಸೆಟ್ಟುಗಳು ಒಂದೊಂದೇ ಸತ್ತವು. ಸರಿಮಾಡುವವನೇ ಇಲ್ಲದೆ ಸಾರ್ಜೆಂಟ್ ಕೋಲಿನ್ ಎಲ್ಲರನ್ನೂ ಕೂರಿಸಿ ಫಾರಂ ತುಂಬಿಸಿದರಂತೆ. ಹನ್ನೊಂದನೆಯ ದಿನಕ್ಕೇ ಮೂವತ್ತು ದಾಟಿತು. ಒಂದು ತಿಂಗಳಿಗೆ ತೊಂಬತ್ತಾರು. ಸಮಿತಿ ಗಾಬರಿಯಾಗಿ, ಉಪಕರಣಗಳು ಇದ್ದಕ್ಕಿದ್ದಂತೆ ಹದಗೆಟ್ಟಿವೆ ಎಂದು ಬರೆದು, ಹೊಸ ಸೆಟ್ಟುಗಳಿಗೆ ತುರ್ತು ಒಪ್ಪಿಗೆ ಕೊಟ್ಟಿತು.

“ಕೆಲಸ ನಿಮಗೇ. ಸ್ಪಾನ್ಸರ್ ಕೂಡ. ಒಂದು ಕಾಗದಕ್ಕೆ ಮಾತ್ರ ಸಹಿ ಹಾಕಬೇಕು. ಫಾರಂ ಇಲ್ಲದೆ ಒಂದು ಸ್ಕ್ರೂ ಕೂಡ ತಿರುಗಿಸಲ್ಲ ಅಂತ.”

ಸಹಿ ಹಾಕಿದೆ. ಇಂದುಮತಿ ಶಾವಿಗೆ ಪಾಯಸ ಮಾಡಿದಳು. ಅನನ್ಯಾ ಮಾತ್ರ, “ಸೋ ದೇ ಸ್ಯಾಕ್ಡ್ ಯೂ ಫಾರ್ ಫಿಕ್ಸಿಂಗ್ ಥಿಂಗ್ಸ್?” ಅಂದಳು. ಹಾಗಲ್ಲಮ್ಮ ಅಂದೆ. ಅವಳ ಬಟ್ಟಲಿಗೆ ಇನ್ನೊಂದು ಸೌಟು ಪಾಯಸ ಹಾಕಿದೆ.

ಅಕ್ಟೋಬರಿನಲ್ಲಿ ಹೊಸ ಸೆಟ್ಟುಗಳು ಬಂದವು, ಹಗುರ, ಕಪ್ಪು, ಸಣ್ಣ ಪರದೆ. ಎರಡನೆಯ ದಿನವೇ ಕೆಲ್ಲಿ ಒಂದನ್ನು ತಂದಳು.

“ಕ್ಲಿಪ್ ಸಡಿಲ, ಗ್ಯಾಜ್. ಸೊಂಟದಲ್ಲಿ ನಿಲ್ಲುತ್ತಿಲ್ಲ. ಒಂದೇ ಸ್ಕ್ರೂ.”

ನನ್ನ ಕೈ ಸ್ಕ್ರೂಡ್ರೈವರ್ ಕಡೆ ಹೋಯಿತು. ತಡೆದುಕೊಂಡು ಫಾರಂ ತೆಗೆದೆ. ಹೆಸರು, ಸೆಟ್ಟಿನ ನಂಬರು, ದೋಷದ ವಿವರಣೆ. ಅವಳು ಗಡಿಯಾರ ನೋಡುತ್ತಾ ನಿಂತಿದ್ದಳು. ಮೂರನೆಯ ಪುಟದಲ್ಲಿ ನನ್ನ ಸಹಿ ಹಾಕಿದೆ.

“ಎರಡನೇ ಸಹಿ ಸಾರ್ಜೆಂಟ್‌ದು. ಅವರು ಸೋಮವಾರ ಬರುತ್ತಾರೆ.”

“ಇವತ್ತು ಗುರುವಾರ.”

“ಹೌದು.”

ಅವಳು ಸೆಟ್ಟನ್ನು ನನ್ನ ಮೇಜಿನ ಮೇಲಿಟ್ಟು, ಮೊಬೈಲು ಜೇಬಿಗೆ ಹಾಕಿಕೊಂಡು ಗಸ್ತಿಗೆ ಹೊರಟಳು. ಅವಳ ಕಾರು ಸಿಗ್ನಲ್ ದಾಟಿ ಮರೆಯಾಗುವವರೆಗೂ ಕಿಟಕಿಯ ಹತ್ತಿರ ನಿಂತಿದ್ದೆ. ಸ್ಕ್ರೂಡ್ರೈವರ್ ಅದ್ಯಾವಾಗಲೋ ನನ್ನ ಕೈಗೆ ಬಂದಿತ್ತು.