ಗದ್ಯದ ಮೇಲಿನ ಹಾಳೆಟೊಪ್ಪಿ

ಬೆಳ್ಳಪ್ಪನ ಅಡಿಕೆಯ ಹಾಳೆಟೊಪ್ಪಿ ತಲೆಯ ಮೇಲೆ ಇದ್ದದ್ದಕ್ಕಿಂತ ಪ್ರಶ್ನೆಪತ್ರಿಕೆಯ ಮೇಲೆ ಇದ್ದದ್ದೇ ಹೆಚ್ಚು. ಹೊಸನಗರದ ವಾಚನಾಲಯದ ಜಗಲಿಯಲ್ಲಿ, ಭಾನುವಾರ ಬೆಳಿಗ್ಗೆ, ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿದವರನ್ನು ಎದುರಿಗೆ ಕೂರಿಸಿಕೊಂಡು, ಓದಿ ಉತ್ತರಿಸಬೇಕಾದ ಗದ್ಯಭಾಗವನ್ನು ಆ ಟೊಪ್ಪಿಯಿಂದ ಮುಚ್ಚಿಬಿಡುತ್ತಿದ್ದ. ಮೊದಲು ಕೆಳಗಿನ ಪ್ರಶ್ನೆಗಳನ್ನು ಎರಡೆರಡು ಸಲ ಓದಬೇಕು. ಹುಡುಕಬೇಕಾದದ್ದು ಏನೆಂದು ಗೊತ್ತಾದ ಮೇಲೆಯೇ ಟೊಪ್ಪಿ ಮೇಲೇಳುತ್ತಿತ್ತು. ಯಾರು ಏನು ಉತ್ತರ ಹೇಳಲಿ, ಅವನದೊಂದೇ ಮಾತು: "ಎಲ್ಲಿದೆ? ಬೆರಳಿಟ್ಟು ತೋರ್ಸು."

ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ದನ ಕಾಯಲು ಹೋದವನು, ಮುಂದೆ ಅದೇ ವಾಚನಾಲಯದ ಕಸ ಗುಡಿಸುತ್ತ ಗುಡಿಸುತ್ತ ಅಕ್ಷರ ಕೂಡಿಸಿಕೊಂಡಿದ್ದ. ನಡೆಯುವಾಗಲೂ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಅಲ್ಪವಿರಾಮ ಹಾಕಿದವನಂತೆ ಸುತ್ತ ನೋಡಿ ಮುಂದುವರಿಯುತ್ತಿದ್ದ. ಅಷ್ಟು ಕಷ್ಟಪಟ್ಟು ಕಲಿತದ್ದರಿಂದಲೋ ಏನೋ, ಅಚ್ಚಾದ ಮಾತಿನಲ್ಲಿ ಅವನಿಗೆ ದೇವರಲ್ಲಿದ್ದಷ್ಟೇ ನಂಬಿಕೆ. ಗದ್ಯ ಹೇಳಿದ್ದಕ್ಕೆ ಒಂದಕ್ಷರ ಸೇರಿಸಬಾರದು, ಒಂದಕ್ಷರ ಕಳೆಯಬಾರದು. ನಿನಗೆ ಗೊತ್ತಿರುವುದೆಲ್ಲ ಚಪ್ಪಲಿಯ ಜೊತೆ ಹೊರಗೇ ಇರಲಿ, ಎನ್ನುತ್ತಿದ್ದ.

ಈ ಪಾಠ ತಲೆಗೆ ಹತ್ತದೆ ಹೋದದ್ದು ಹುಲಿಯಮ್ಮನಿಗೆ. ಹಾಸ್ಟೆಲಿನಲ್ಲಿ ದಿನಗೂಲಿಗೆ ಅಡುಗೆ ಮಾಡುತ್ತಿದ್ದ ವಿಧವೆ. ಹತ್ತನೆಯದು ಪಾಸಾದರೆ ಕೆಲಸ ಕಾಯಂ. ಉಳಿದದ್ದು ಕನ್ನಡ ಒಂದೇ, ಅದರಲ್ಲೇ ಎರಡು ಸಲ ಬಿದ್ದಿದ್ದಳು. ಈ ಸಲವೂ ಬಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇವೆಂದು ಮೇಲಿನವರು ಹೇಳಿಯಾಗಿತ್ತು. ಒಂದು ಭಾನುವಾರ ಜಗಲಿಯಲ್ಲಿ, ಹೆಜ್ಜೇನು ಯಾವಾಗ ಎರಗುತ್ತದೆ ಎಂದು ಕೇಳಿದರೆ, ಗೂಡು ಕದಡಿದಾಗ ಎಂದು ಬರೆಯುವುದು ಬಿಟ್ಟು, ಅದು ತನ್ನ ಮಾವನನ್ನು ಹುಲಿಕಲ್ ರಸ್ತೆಯುದ್ದಕ್ಕೂ ಅಟ್ಟಿಸಿಕೊಂಡು ಹೋದ ಕಥೆಯನ್ನು ಪುಟ ತುಂಬ ಬರೆದಿದ್ದಳು.

"ನಿನ್ನ ಮಾವ ಗದ್ಯದಲ್ಲಿ ಎಲ್ಲಿದಾನೆ ಮಾರಾಯ್ತಿ?"

"ಗದ್ಯದೊಳಗೆ ಇದ್ದಿದ್ರೆ ಜೇನು ಕಚ್ತಿರ್ಲಿಲ್ಲ ಬಿಡಿ, ಬೆಳ್ಳಪ್ಪಣ್ಣ!"

ಜಗಲಿಯೆಲ್ಲ ನಕ್ಕಿತ್ತು. ಬೆಳ್ಳಪ್ಪ ನಗಲಿಲ್ಲ, ಮತ್ತೆ ಟೊಪ್ಪಿ ಮುಚ್ಚಿದ.

ಮೂರನೆಯ ಸಲ ಪರೀಕ್ಷೆ ಸಾಗರದಲ್ಲಿ. ಬೆಳ್ಳಪ್ಪ ಮೊದಲ ಬಸ್ಸಿಗೇ ಹೋಗಿ ಗೇಟಿನ ಹೊರಗೆ ನಿಂತಿದ್ದ. ಹೊರಬಂದ ಹುಲಿಯಮ್ಮ ಪ್ರಶ್ನೆಪತ್ರಿಕೆಯನ್ನು ಅವನ ಕೈಗಿಟ್ಟಳು. ಗದ್ಯ ಮಂಗನ ಕಾಯಿಲೆಯ ಮೇಲಿನದು. ಕೊನೆಯ ಪ್ರಶ್ನೆ: ಈ ಕಾಯಿಲೆ ಯಾರಿಗೆ ತಗಲುತ್ತದೆ? ಉತ್ತರ ನಾಲ್ಕನೆಯ ಸಾಲಿನಲ್ಲೇ ಇತ್ತು: ಎಚ್ಚರಿಕೆಯಿಲ್ಲದೆ ಕಾಡಿಗೆ ಹೋಗುವವರಿಗೆ.

ಹುಲಿಯಮ್ಮನ ಗಂಡ ಎರಡು ವರ್ಷದ ಹಿಂದೆ ಆ ಜ್ವರದಲ್ಲೇ ತೀರಿಕೊಂಡಿದ್ದ. ಜ್ವರ ಹರಡುವ ಉಣ್ಣಿ ಹತ್ತದಿರಲೆಂದು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚದೆ, ತುಂಬುತೋಳಿನ ಅಂಗಿ ತೊಡದೆ ಎಂದೂ ಕಾಡಿನ ತರಗೆಲೆ ಗುಡಿಸಲು ಹೋದವನಲ್ಲ. ಅವನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಬೆಳ್ಳಪ್ಪನೂ ಒಬ್ಬ.

"ಎಂತ ಬರ್ದೆ?" ಎಂದ ಬೆಳ್ಳಪ್ಪ.

"ನೀವು ಹೇಳ್ಕೊಟ್ಟಂಗೇ ಬರ್ದೆ. ಎಚ್ಚರ ಇಲ್ದೋರಿಗೆ ಅಂತ. ಪೂರ್ತಿ ಅಂಕ ಬತ್ತದೆ." ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅವ್ರು ಎಣ್ಣೆ ಹಚ್ಕಂಡೇ ಹೋಗ್ತಿದ್ರಲ್ಲ ಅಣ್ಣ, ಅದು ಎಲ್ಲಿದೆ? ಬೆರಳಿಟ್ಟು ತೋರ್ಸಿ."

ಇರುವುದಿಲ್ಲವೆಂದು ಗೊತ್ತಿದ್ದೂ ಬೆಳ್ಳಪ್ಪನ ಬೆರಳು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಡಕಾಡುತ್ತ ಹೋಯಿತು. ಎಲ್ಲಿಯೂ ನಿಲ್ಲಲಿಲ್ಲ.

ಹುಲಿಯಮ್ಮ ಪಾಸಾದಳು, ಕೆಲಸವೂ ಕಾಯಂ ಆಯಿತು. ಸಿಹಿಯನ್ನು ಯಾರದೋ ಕೈಯಲ್ಲಿ ಕಳಿಸಿದಳು, ತಾನು ಜಗಲಿ ಹತ್ತಲಿಲ್ಲ. ಬೆಳ್ಳಪ್ಪ ಈಗಲೂ ಭಾನುವಾರ ಕೂರುತ್ತಾನೆ, ಟೊಪ್ಪಿಯಿಂದ ಗದ್ಯ ಮುಚ್ಚುತ್ತಾನೆ, ಎತ್ತುತ್ತಾನೆ; ಉತ್ತರ ಬಂದಾಗ ಮಾತ್ರ ತಲೆಯಾಡಿಸುತ್ತಾನೆ, ಬೆರಳಿಡು ಎನ್ನುವುದಿಲ್ಲ.

ಗುರುವಿಲ್ಲದೆ ಅಕ್ಷರ ಕಲಿತವರ ಪಾಡೇ ಇದು. ಅಕ್ಷರ ತಮ್ಮನ್ನು ಒಳಗೆ ಬಿಟ್ಟುಕೊಂಡಿತಲ್ಲ ಎಂಬ ಉಪಕಾರಕ್ಕೆ, ಅದರ ಎದುರು ಅವರು ದನಿಯೆತ್ತಲಾರರು. ಕಣ್ಣಾರೆ ಕಂಡದ್ದನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಕೂರುತ್ತಾರೆ. ಆದರೆ ಎದ್ದು ಮನೆಗೆ ನಡೆಯುವಾಗ ಮೆಟ್ಟಿಕೊಳ್ಳಬೇಕಾದದ್ದು ಅದನ್ನೇ.